ಹಗಲುಗನಸಿನ ಎರಡನೆಯ ವರುಷ

ಪುಸ್ತಕವೊಂದನ್ನು ಓದಿ ಮೆಚ್ಚುವುದು ಬೇರೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಊರಿನ ಶಾಲೆಯ ಬಾಗಿಲಲ್ಲಿ ನಿಲ್ಲುವುದು ಬೇರೆ. ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ವನ್ನು ನಾನು ಎರಡು ಬಗೆಯಲ್ಲಿಯೂ ಓದಿದ್ದೇನೆ. ಮೊದಲ ಓದಿನಲ್ಲಿ ಕಣ್ಣು ತೇವಗೊಂಡಿತ್ತು. ಎರಡನೆಯ ಓದಿನಲ್ಲಿ, ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಹಾದಿಯ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಪುಟ ತಿರುವಿದಾಗ, ಬೇರೊಂದು ಪ್ರಶ್ನೆ ಹುಟ್ಟಿತು. ಆ ಪ್ರಶ್ನೆಯನ್ನು ಓದುಗರ ಮುಂದಿಡುವುದಕ್ಕಾಗಿಯೇ ಈ ಬರಹ.

ಪುಸ್ತಕ ದೊಡ್ಡದಲ್ಲ. ೧೯೩೧ರಲ್ಲಿ ಗುಜರಾತಿಯಲ್ಲಿ ಬಂದದ್ದು. ಆಮೇಲೆ ಭಾರತದ ಅನೇಕ ಭಾಷೆಗಳಿಗೆ ಹೋಯಿತು. ಬರೆದವರು ಮೊದಲಿಗೆ ವಕೀಲರು. ೧೮೮೫ರಲ್ಲಿ ಹುಟ್ಟಿ, ವಕೀಲಿ ಮಾಡುತ್ತಿದ್ದವರು, ೧೯೧೬ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ವಿದ್ಯಾರ್ಥಿ ಭವನವನ್ನು ಸೇರಿ, ೧೯೨೦ರಲ್ಲಿ ಅಲ್ಲಿ ಎಳೆಯ ಮಕ್ಕಳಿಗಾಗಿ ಬಾಲಮಂದಿರವನ್ನು ತೆರೆದರು. ಮಾಂಟೆಸೊರಿಯವರ ವಿಚಾರಗಳು ಅವರ ಕಣ್ಣು ತೆರೆಸಿದ್ದವು. ತುಂಬು ಮೀಸೆಯ ಈ ಗಂಡಸನ್ನು ಗುಜರಾತಿನ ಜನ ‘ಮೀಸೆಯ ತಾಯಿ’ ಎಂದು ಕರೆದರು. ಮೇಷ್ಟರಾದವನಿಗೆ ಇದಕ್ಕಿಂತ ದೊಡ್ಡ ಬಿರುದು ಸಿಕ್ಕೀತೆ?

ಕಥೆ ಇಷ್ಟು: ಶಿಕ್ಷಣದ ಬಗೆಗೆ ಬಹಳ ಓದಿದ, ಬಹಳ ಯೋಚಿಸಿದ ಒಬ್ಬ ಮನುಷ್ಯ ವಿದ್ಯಾಧಿಕಾರಿಯ ಬಳಿಗೆ ಹೋಗಿ, ತನಗೊಂದು ತರಗತಿಯನ್ನು ಪ್ರಯೋಗಕ್ಕೆ ಕೊಡಿ ಎಂದು ಕೇಳುತ್ತಾನೆ. ಅಧಿಕಾರಿ ನಗುತ್ತಾನೆ, ಎಚ್ಚರಿಸುತ್ತಾನೆ, ಕಡೆಗೆ ನಾಲ್ಕನೆಯ ತರಗತಿಯನ್ನು ಒಂದು ವರುಷದ ಮಟ್ಟಿಗೆ ಕೊಡುತ್ತಾನೆ. ವರುಷದ ಕೊನೆಗೆ ಪರೀಕ್ಷೆಯಂತೂ ತಪ್ಪದು. ಪುಸ್ತಕದ ನಾಲ್ಕು ಭಾಗಗಳೂ ಆ ಒಂದು ವರುಷದ ನಡಿಗೆಯೇ: ಪ್ರಯೋಗದ ಆರಂಭ, ಅದರ ಮುನ್ನಡೆ, ಆರು ತಿಂಗಳ ಕೊನೆ, ಕಡೆಯ ಸಮ್ಮೇಳನ.

ಈ ಪುಸ್ತಕದ ಮೊದಲ ಗುಣ ಅದು ಸೋಲಿನಿಂದ ಹೊರಡುತ್ತದೆ ಎಂಬುದು. ಮೇಷ್ಟರು ರಾತ್ರಿಯೆಲ್ಲ ಸಿದ್ಧತೆ ಮಾಡಿಕೊಂಡು ಬಂದು, ಬಾಗಿಲು ಮುಚ್ಚಿಸಿ, ಕೋಣೆಯನ್ನು ಕತ್ತಲು ಮಾಡಿ, ಮಕ್ಕಳಿಗೆ ಮೌನದ ಆಟ ಆಡಿಸಹೊರಡುತ್ತಾರೆ. ಯೂರೋಪಿನ ಪುಸ್ತಕದಲ್ಲಿ ಸೊಗಸಾಗಿದ್ದ ಮೌನ ಇಲ್ಲಿ ಗದ್ದಲವಾಗುತ್ತದೆ. ಒಬ್ಬ ಕೂಗುತ್ತಾನೆ, ಇನ್ನೊಬ್ಬ ಅಣಕಿಸುತ್ತಾನೆ, ಪಕ್ಕದ ತರಗತಿಯವರು ಬೇಸರಪಡುತ್ತಾರೆ. ಮಕ್ಕಳನ್ನು ಮನೆಗೆ ಕಳುಹಿಸಿ ಮೇಷ್ಟರು ತಲೆ ತಗ್ಗಿಸಿ ಹಿಂದಿರುಗುತ್ತಾರೆ. ಸುಧಾರಕರು ತಮ್ಮ ಕಥೆಯನ್ನು ತಾವೇ ಬರೆದುಕೊಳ್ಳುವಾಗ ಇಂಥ ಪುಟ ಅಪರೂಪ. ಮರುದಿನ ಅವರು ಪುಸ್ತಕದ ಉಪಾಯಗಳನ್ನು ಮನೆಯಲ್ಲಿ ಬಿಟ್ಟು ಬಂದು ಒಂದು ಕಥೆ ಹೇಳತೊಡಗುತ್ತಾರೆ. ಅಲ್ಲಿಂದ ಎಲ್ಲವೂ ಬದಲಾಗುತ್ತದೆ.

ಕಥೆ ಕೇಳಬೇಕೆಂಬ ಆಸೆಗೆ ಮಕ್ಕಳು ತಾವೇ ಸಾಲಾಗಿ ಕೂಡುತ್ತಾರೆ, ಹಾಜರಿ ಹೇಳುತ್ತಾರೆ, ಸುಮ್ಮನಿರುತ್ತಾರೆ. ಪಠ್ಯಪುಸ್ತಕಕ್ಕೆ ತರಬೇಕಾದ ಹಣದಲ್ಲಿ ಬಗೆಬಗೆಯ ಕಥೆಪುಸ್ತಕಗಳನ್ನು ಕೊಂಡು ತರಗತಿಗೇ ಒಂದು ಪುಸ್ತಕ ಭಂಡಾರವನ್ನು ಮಾಡುತ್ತಾರೆ. ಉಗುರು, ಕೂದಲು, ಬಟ್ಟೆಗಳ ಶುಚಿ ಪಾಠದ ಭಾಗವಾಗುತ್ತದೆ. ಆಟ ಬರುತ್ತದೆ, ಆಟದ ಜೊತೆಗೆ ಜಗಳ, ಜಗಳದ ಜೊತೆಗೆ ತಂದೆತಾಯಿಗಳ ದೂರು. ವ್ಯಾಕರಣ ಆಟವಾಗುತ್ತದೆ, ನಾಟಕ ಬಾಯಿಪಾಠವಿಲ್ಲದೆ ಹುಟ್ಟುತ್ತದೆ. ಇಷ್ಟನ್ನೂ ಗಿಜುಭಾಯಿ ಉಪದೇಶದ ದನಿಯಲ್ಲಿ ಹೇಳುವುದಿಲ್ಲ. ಮೇಷ್ಟರಿಗೂ ಅಧಿಕಾರಿಗೂ, ಮೇಷ್ಟರಿಗೂ ಜೊತೆಯ ಮೇಷ್ಟರುಗಳಿಗೂ ನಡೆಯುವ ಮಾತುಕತೆಯಲ್ಲಿ ವಾದವೆಲ್ಲ ಹೊರಬೀಳುತ್ತದೆ. ಎದುರು ಪಕ್ಷಕ್ಕೂ ಅವರು ನ್ಯಾಯವಾದ ಮಾತನ್ನೇ ಕೊಟ್ಟಿದ್ದಾರೆ. ಸಂಬಳ, ಸಂಸಾರ, ಪಠ್ಯಕ್ರಮ, ಮೇಲಧಿಕಾರಿ, ಇವುಗಳ ನಡುವೆ ನಲುಗಿದ ಸಾಮಾನ್ಯ ಮೇಷ್ಟರನ್ನು ಅವರು ಖಳನನ್ನಾಗಿ ಮಾಡಿಲ್ಲ.

ಹಾಗೆಂದು ದೋಷವಿಲ್ಲವೆಂದಲ್ಲ. ತರಗತಿಯೊಂದು ಒಟ್ಟಾಗಿ ನಮ್ಮ ಕಣ್ಣಿಗೆ ಕಟ್ಟುತ್ತದೆ, ಆದರೆ ಮಗುವೊಂದು ಬಿಡಿಯಾಗಿ ನೆನಪಿನಲ್ಲಿ ನಿಲ್ಲುವುದಿಲ್ಲ. ಹೆಸರುಗಳು ಅಲ್ಲಲ್ಲಿ ಬರುತ್ತವೆ, ಮುಖಗಳು ಬರುವುದಿಲ್ಲ. ಕಥೆಯನ್ನು ಕೇಳದ ಹುಡುಗ, ಆಟಕ್ಕೂ ಒಲಿಯದ ಹುಡುಗ, ವರುಷದ ನಡುವೆಯೇ ಶಾಲೆ ಬಿಟ್ಟು ಹೋದ ಹುಡುಗ ಎಲ್ಲಿ? ತರಗತಿ ಹುಡುಗರದು, ಹೆಣ್ಣುಮಗಳ ಕಷ್ಟ ಅಲ್ಲಿ ಪ್ರಶ್ನೆಯಾಗಿ ಏಳುವುದೇ ಇಲ್ಲ. ಆದರೆ ಇವು ಸಣ್ಣ ಮಾತುಗಳು. ದೊಡ್ಡ ಮಾತು ಬೇರೆ ಇದೆ. ಪುಸ್ತಕ ಸಂಭ್ರಮದ ಸಮ್ಮೇಳನದಲ್ಲಿ ಮುಗಿಯುತ್ತದೆ. ಅಧಿಕಾರಿ ಒಪ್ಪುತ್ತಾನೆ, ಸಭೆ ಒಪ್ಪುತ್ತದೆ, ಓದುಗನೂ ಒಪ್ಪುತ್ತಾನೆ. ಮರುವರುಷ ಆ ಹುಡುಗರು ಐದನೆಯ ತರಗತಿಗೆ ಹೋಗುತ್ತಾರಷ್ಟೆ. ಅಲ್ಲಿ ಅವರಿಗಾಗಿ ಕಾದಿದ್ದ ಮೇಷ್ಟರು ಯಾರು? ನಾಲ್ಕನೆಯ ತರಗತಿಗೆ ಹೊಸದಾಗಿ ಬಂದ ಹುಡುಗರಿಗೆ ಕಥೆ ಹೇಳಿದವರು ಯಾರು? ಹಗಲುಗನಸಿಗೆ ಎರಡನೆಯ ವರುಷ ಉಂಟೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಮಾತ್ರ ಹುಟ್ಟಿದ್ದಲ್ಲ. ನಾನು ಚಿಕ್ಕಂದಿನಲ್ಲಿ ಓದಿದ ಶಾಲೆಯಲ್ಲಿ ಕೊನೆಯ ಸಾಲು ಎಂಬುದೊಂದಿತ್ತು. ಮುಂದಿನ ಸಾಲು ಅಕ್ಷರ ಬಂದವರದು. ಕೊನೆಯ ಸಾಲು ಬಾರದವರದು, ತಡವಾಗಿ ಬಂದವರದು, ದನ ಕಾದು ಬಂದವರದು. ಒಂದು ವರುಷ ಬಂದ ಮೇಷ್ಟರು ಮೊದಲ ದಿನವೇ ಹಲಗೆಯನ್ನು ಕಳಚಿ ಹಿಂದಿನ ಗೋಡೆಗೆ ತೂಗುಹಾಕಿದರು. ‘ಎಲ್ಲಾರೂ ಹಿಂದಕ ತಿರುಗ್ರಿ’ ಅಂದರು. ಅಷ್ಟೆ. ಕೊನೆಯ ಸಾಲು ಮೊದಲನೆಯದಾಯಿತು. ನಾನು ಆ ಸಾಲಿನವನು. ಅವರು ನನ್ನ ಹೆಸರು ಹಿಡಿದು ಕೂಗಿದ ದಿನ ಇಂದಿಗೂ ನೆನಪಿದೆ. ಮುಂದಿನ ವರುಷ ಅವರಿಗೆ ವರ್ಗವಾಯಿತು. ಹಲಗೆ ಮತ್ತೆ ಮುಂದಿನ ಗೋಡೆಗೆ ಹೋಯಿತು. ನನ್ನ ಜೊತೆಗಿದ್ದ ಇಬ್ಬರು ಶಾಲೆಗೆ ಬರುವುದನ್ನು ನಿಲ್ಲಿಸಿದರು. ಅವರ ದಡ್ಡತನ ಅದಕ್ಕೆ ಕಾರಣವಲ್ಲ ಎಂಬುದನ್ನು ನಾನು ಬಲ್ಲೆ.

ಬೆಂಚುಗಳನ್ನು ತಿರುಗಿಸುವ ಮಾತು ಈಗ ಮತ್ತೆ ಕೇಳಿಬಂದಿದೆ. ೨೦೨೪ರಲ್ಲಿ ತೆರೆಕಂಡ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಎಂಬ ಮಲಯಾಳ ಚಲನಚಿತ್ರವನ್ನು ಕಂಡು, ೨೦೨೫ರಲ್ಲಿ ಕೇರಳದ ಕೆಲವು ಶಾಲೆಗಳು ಹಿಂದಿನ ಬೆಂಚನ್ನೇ ತೆಗೆದುಹಾಕಿ ಮಕ್ಕಳನ್ನು ಅರ್ಧ ವರ್ತುಲವಾಗಿ ಕೂರಿಸಿದವು. ಸುದ್ದಿ ಕೇಳಿ ಸಂತೋಷವಾಯಿತು. ಒಂದು ಕಲಾಕೃತಿ ಬೆಂಚನ್ನು ಸರಿಸಬಲ್ಲುದಾದರೆ ಅದು ಸಾಮಾನ್ಯ ಶಕ್ತಿಯಲ್ಲ. ಆದರೆ ಬೆಂಚನ್ನು ಸರಿಸಲು ಒಂದು ಗಂಟೆ ಸಾಕು. ವರ್ತುಲದಲ್ಲಿ ಕುಳಿತ ಮೇಲೆಯೂ ಮೇಷ್ಟರ ಕಣ್ಣು ಮೂರೇ ಮುಖಗಳ ಮೇಲೆ ನೆಟ್ಟಿದ್ದರೆ, ಆ ವರ್ತುಲಕ್ಕೂ ಒಂದು ಕೊನೆಯ ಸಾಲು ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಸಿಂಧನೂರು ಸೀಮೆಯನ್ನು ಕಂಡವರಿಗೆ ಇದರ ಅರ್ಥ ಬೇಗ ಆಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಬೆದ್ದಲು ಗದ್ದೆಯಾಯಿತು. ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಇಲ್ಲಿಯೇ ನೆಲೆ ಸಿಕ್ಕಿತು. ಇದರಿಂದ ಒಂದೇ ತಾಲ್ಲೂಕಿನ ಮಕ್ಕಳ ಮನೆಮಾತು ಕನ್ನಡ, ತೆಲುಗು, ಉರ್ದು, ಬಂಗಾಳಿ, ಲಂಬಾಣಿ ಎಂದು ಬಗೆಬಗೆಯಾಯಿತು. ನೀರು ಕಾಣದ ಕಡೆಯ ಊರುಗಳಿಂದ ತಂದೆತಾಯಿಗಳು ಗುಳೆ ಹೋದರೆ ಮಕ್ಕಳೂ ಹಿಂದೆ ಹೋಗುತ್ತಾರೆ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಹೆಣ್ಣುಮಕ್ಕಳ ಹಾಜರಿಯಲ್ಲಿ ಗೆರೆ ಬೀಳುತ್ತದೆ. ಅತ್ತ ಲಿಂಗಸುಗೂರಿನ ಹಟ್ಟಿಯಲ್ಲಿ ನೆಲದ ಒಳಗಿನಿಂದ ಚಿನ್ನ ತೆಗೆಯುತ್ತಾರೆ. ಆದರೆ ೨೦೧೧ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರರು ನೂರಕ್ಕೆ ೬೦ಕ್ಕೂ ಒಳಗೆ, ರಾಜ್ಯದ ಸರಾಸರಿ ೭೫ಕ್ಕೂ ಮೇಲೆ. ಗಿಜುಭಾಯಿಯವರ ಮೇಷ್ಟರಿಗೆ ವರುಷವಿಡೀ ಅವೇ ಹುಡುಗರು ಸಿಕ್ಕಿದ್ದರು. ಇಲ್ಲಿಯ ಮೇಷ್ಟರಿಗೆ ಜೂನಿನಲ್ಲಿ ಇದ್ದ ಮುಖ ಜನವರಿಯಲ್ಲಿ ಸಿಕ್ಕುವ ಭರವಸೆಯಿಲ್ಲ. ಮಕ್ಕಳಿಗೂ ಅದೇ ಮೇಷ್ಟರು ಸಿಕ್ಕುವ ಭರವಸೆಯಿಲ್ಲ. ವರ್ಗಾವಣೆಗೆ ೨೦೦೭ರಲ್ಲಿ ಒಂದು ಕಾಯಿದೆ ಬಂತು, ೨೦೨೦ರಲ್ಲಿ ಇನ್ನೊಂದು ಬಂತು. ಖಾಲಿ ಬಿದ್ದ ಜಾಗಕ್ಕೆ ವರುಷ ವರುಷಕ್ಕೂ ಅತಿಥಿ ಶಿಕ್ಷಕರು ಬರುತ್ತಾರೆ. ಅತಿಥಿ ಎಂಬ ಹೆಸರೇ ಹೇಳುತ್ತದೆ, ಎರಡನೆಯ ವರುಷ ಅವರ ಕೈಯಲ್ಲಿಲ್ಲವೆಂದು.

ಹಾಗಾದರೆ ಸುಧಾರಕನ ಕೆಲಸ ಅವನ ಜೊತೆಗೇ ಮುಗಿಯುವುದೆ? ಗಿಜುಭಾಯಿಯವರ ಕಥೆ ಇದಕ್ಕೆ ಉತ್ತರ ಕೊಡದಿದ್ದರೂ ಅವರ ಬಾಳು ಕೊಟ್ಟಿದೆ. ಬಾಲಮಂದಿರ ತೆರೆದ ಐದೇ ವರುಷಕ್ಕೆ, ೧೯೨೫ರಲ್ಲಿ, ಅವರು ಮೇಷ್ಟರುಗಳನ್ನು ತಯಾರಿಸುವ ಅಧ್ಯಾಪನ ಮಂದಿರವನ್ನು ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕರು ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಆದಿವಾಸಿ ಮಕ್ಕಳ ಅಂಗಳಕ್ಕೇ ಬಾಲವಾಡಿಯನ್ನು ಕೊಂಡೊಯ್ದರು. ಗಿಜುಭಾಯಿ ೧೯೩೯ರಲ್ಲಿ ತೀರಿಕೊಂಡರು; ಅಂಗಳದ ಶಾಲೆ ತೀರಲಿಲ್ಲ. ಕಥೆಯ ನಾಯಕ ಒಂಟಿ. ಕಥೆಗಾರ ಒಂಟಿಯಾಗಿ ಉಳಿಯಲಿಲ್ಲ. ಪುಸ್ತಕದಲ್ಲಿ ಬಿಟ್ಟುಹೋದ ಐದನೆಯ ಭಾಗ ಇದೇ ಎಂದು ನನಗೆ ತೋರುತ್ತದೆ. ಅದನ್ನು ಅವರು ಬರೆದಿದ್ದರೆ ‘ದಿವಾಸ್ವಪ್ನ’ ಇನ್ನೂ ದೊಡ್ಡ ಪುಸ್ತಕವಾಗುತ್ತಿತ್ತು, ಇಷ್ಟು ಚೆಲುವಾದ ಪುಸ್ತಕ ಆಗದಿದ್ದರೂ ಆಗದಿರಬಹುದು.

ಭಾವನಗರದಲ್ಲಿ ಬಾಲಮಂದಿರ ಏಳುತ್ತಿದ್ದ ಕಾಲಕ್ಕೇ ನಮ್ಮ ರಾಯಚೂರಿನಲ್ಲಿಯೂ ಒಂದು ಶಾಲೆ ಎದ್ದಿತೆಂಬುದನ್ನು ನಾವು ಮರೆಯಲಾಗದು. ೧೯೨೦ರ ಸುಮಾರಿಗೆ ಪಂಡಿತ ತಾರಾನಾಥರು ಅಲ್ಲಿ ಹಮದರ್ದ್ ಶಾಲೆಯನ್ನು ಕಟ್ಟಿದರು. ಅವರು ಮಂಗಳೂರಿನಲ್ಲಿ ಹುಟ್ಟಿ, ವೈದ್ಯ ಕಲಿಯಲು ಹೈದರಾಬಾದಿಗೆ ಬಂದವರು. ನಿಜಾಮರ ರಾಜ್ಯದಲ್ಲಿ ಆಡಳಿತ ಉರ್ದುವಿನಲ್ಲಿ. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಅಂಥಲ್ಲಿ ಕನ್ನಡದ ಮಗು ಕನ್ನಡದಲ್ಲಿ ಕಲಿಯಬೇಕೆಂದು ಶಾಲೆ ತೆರೆದವರು ತಮ್ಮ ಶಾಲೆಗೆ ಉರ್ದು ಹೆಸರನ್ನೇ ಇಟ್ಟರೆಂಬುದು ಎಷ್ಟು ಸ್ವಾರಸ್ಯವಾದ ಸಂಗತಿ! ಹಮದರ್ದ್ ಎಂದರೆ ನೋವಿನಲ್ಲಿ ಪಾಲುಗೊಳ್ಳುವವನು. ಹಿಂದೂ ಮುಸಲ್ಮಾನರ ಸೌಹಾರ್ದವನ್ನು ಬಾಳಿನ ವ್ರತವಾಗಿ ಹಿಡಿದವರಿಗೆ ಒಪ್ಪುವ ಹೆಸರು. ಕೆಲವೇ ವರುಷಗಳಲ್ಲಿ ತಾರಾನಾಥರು ತುಂಗಭದ್ರೆಯ ದಡದ ಪ್ರೇಮಾಯತನಕ್ಕೆ ಹೋದರು, ೧೯೪೨ರಲ್ಲಿ ತೀರಿಕೊಂಡರು. ಶಾಲೆ ಉಳಿಯಿತು. ಮುಂದೆ ರಾಯಚೂರಿನಲ್ಲಿ ಅವರ ಹೆಸರಿನ ಶಿಕ್ಷಣ ಸಂಸ್ಥೆಯೇ ಬೆಳೆಯಿತು. ತಾರಾನಾಥರು ಎಲ್ಲಿಯೂ ಬಹುಕಾಲ ನಿಂತವರಲ್ಲ, ಆದರೆ ತಾವು ಹೋದ ಮೇಲೆ ಊರು ತನ್ನದೆಂದು ಹಿಡಿದುಕೊಳ್ಳುವಂಥದನ್ನು ಬಿಟ್ಟು ಹೋದರು. ಊರು ಹಿಡಿದುಕೊಂಡದ್ದರಿಂದಲೇ ಎರಡನೆಯ ವರುಷ ಬಂದಿತು.

ಇದಕ್ಕೆ ಹತ್ತಿರವಾದ, ಆದರೆ ಬೇರೆ ಪಾಠ ಹೇಳುವ ಇನ್ನೊಂದು ಪ್ರಯೋಗ ನಮ್ಮ ಕಾಲದಲ್ಲಿಯೇ ನಡೆದಿದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟರುಗಳು ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ, ತಮ್ಮ ಶಾಲೆಗಳಲ್ಲಿ ‘ನಲಿ ಕಲಿ’ಯನ್ನು ಆರಂಭಿಸಿದರು. ಪಾಠವನ್ನು ಏಣಿಯ ಮೆಟ್ಟಿಲುಗಳಂತೆ ಒಡೆದರು. ಮೆಟ್ಟಿಲಿಗೊಂದು ಕಾರ್ಡು ಬರೆದರು. ಒಂದು ಎರಡು ಮೂರನೆಯ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತರು: ಒಂದು ಗುಂಪಿಗೆ ಮೇಷ್ಟರ ನೆರವು, ಇನ್ನೊಂದಕ್ಕೆ ಗೆಳೆಯನ ನೆರವು, ಮತ್ತೊಂದು ತಾನೇ ಕಲಿಯುವುದು. ಕರಿಹಲಗೆ ಮಗುವಿನ ಕೈಗೆಟುಕುವಷ್ಟು ಕೆಳಗಿಳಿಯಿತು. ಮಕ್ಕಳು ಬರೆದುದನ್ನೂ ಬಿಡಿಸಿದುದನ್ನೂ ತೂಗುಹಾಕಲು ತಲೆಯ ಮೇಲೆ ದಾರದ ಚಪ್ಪರ ಬಂದಿತು. ನಾಲ್ಕು ವಾರ ಶಾಲೆ ತಪ್ಪಿಸಿ ಬಂದ ಮಗು, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಗುಳೆ ಹೋಗಿ ಬರುವ ಮಕ್ಕಳ ಸೀಮೆಗೆ ಇದಕ್ಕಿಂತ ಒಪ್ಪುವ ಉಪಾಯ ಇನ್ನೊಂದಿಲ್ಲ. ಗಿಜುಭಾಯಿಯವರ ಮೇಷ್ಟರ ಪುಸ್ತಕ ಭಂಡಾರಕ್ಕೂ ಇದಕ್ಕೂ ರಕ್ತಸಂಬಂಧವಿದೆ. ಎರಡರಲ್ಲಿಯೂ ಪಠ್ಯಪುಸ್ತಕ ಒಡೆದು ಮಗುವಿನ ಕೈಗೆ ಬಂತು.

೨೦೦೯-೧೦ರಲ್ಲಿ ಸರ್ಕಾರ ಇದನ್ನು ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿಸಿತು. ಇಲ್ಲಿ ವಿಮರ್ಶಕ ಎರಡು ಮಾತನ್ನೂ ಹೇಳಬೇಕಾಗುತ್ತದೆ. ಒಬ್ಬ ಮೇಷ್ಟರ ವರ್ಗಾವಣೆಯೊಂದಿಗೆ ಅಳಿಯದ ಸುಧಾರಣೆ ಇದು. ಎರಡನೆಯ ವರುಷದ ಪ್ರಶ್ನೆಗೆ ಸರ್ಕಾರ ಕೊಡಬಹುದಾದ ಉತ್ತರ ಇದೇ. ಮೇಷ್ಟರು ಹೋದರೂ ಏಣಿ ಗೋಡೆಯ ಮೇಲೆ ಉಳಿಯುತ್ತದೆ. ಆದರೆ ಹೆಗ್ಗಡದೇವನಕೋಟೆಯ ಮೇಷ್ಟರು ತಮ್ಮ ಮಕ್ಕಳ ಮುಖ ನೋಡಿ ಬರೆದ ಕಾರ್ಡು ಅವರ ಕೈಯ ಕೂಸಾಗಿತ್ತು. ಪೆಟ್ಟಿಗೆಯಲ್ಲಿ ಬಂದಿಳಿದ ಕಾರ್ಡು ಮಸ್ಕಿಯ ಮೇಷ್ಟರಿಗೆ ದತ್ತುಮಗು. ದತ್ತುಮಗುವನ್ನು ಸ್ವಂತ ಮಗುವಿನಂತೆ ಸಾಕುವ ತಾಯಂದಿರು ಉಂಟು. ಆದರೆ ಆದೇಶದಿಂದ ಯಾರೂ ತಾಯಿಯಾಗುವುದಿಲ್ಲ. ಮೈಸೂರಿನ ಮಾತಿನಲ್ಲಿ ಬರೆದುದನ್ನು ‘ಹೊಂಟೀನ್ರಿ’ ಎನ್ನುವ ಮಗುವಿನ ಬಾಯಿಗೆ ಹೊಂದಿಸುವ, ತೆಲುಗು ಕ್ಯಾಂಪಿನ ಮಗುವಿಗೆ ಅದನ್ನೇ ಇನ್ನೊಮ್ಮೆ ಬೇರೆ ಬಗೆಯಲ್ಲಿ ಹೇಳುವ ಕೆಲಸವನ್ನು ಕಾರ್ಡು ಮಾಡಲಾರದು. ಅದನ್ನು ಮಾಡುವವನು ಬೇಕು. ಅವನಿಗೆ ಆ ಅಧಿಕಾರವೂ ಬೇಕು, ಬಿಡುವೂ ಬೇಕು.

ಆದ್ದರಿಂದ ನನ್ನ ಮಾತು ಇಷ್ಟು. ಸುಧಾರಕನೊಬ್ಬನ ಕಥೆ ಓದುವಾಗ ನಾವು ಅವನ ಜಾಣ್ಮೆಗೆ ಮರುಳಾಗುತ್ತೇವೆ. ಅವನು ಹೇಳಿದ ಕಥೆ, ತಿರುಗಿಸಿದ ಹಲಗೆ, ಕಟ್ಟಿದ ಚಪ್ಪರ ಎಲ್ಲವೂ ಮನಸ್ಸಿಗೆ ಹಿಡಿಸುತ್ತವೆ. ಕೇಳಬೇಕಾದ ಪ್ರಶ್ನೆ ಬೇರೆ: ಪಕ್ಕದ ಕೋಣೆಯ ಮೇಷ್ಟರಿಗೆ ಅವನು ಏನನ್ನು ಕೊಟ್ಟ? ಊರಿನವರಿಗೆ ಏನನ್ನು ಕಾಣಿಸಿದ? ಮುಂದಿನ ವರುಷ ಹಲಗೆಯನ್ನು ಮತ್ತೆ ಮುಂದಿನ ಗೋಡೆಗೆ ಹಾಕಲು ಬಂದಾಗ ‘ಬ್ಯಾಡ್ರಿ’ ಎನ್ನುವ ಒಬ್ಬ ಹುಡುಗ, ಒಬ್ಬ ತಾಯಿ, ಒಬ್ಬ ಸಹೋದ್ಯೋಗಿ ಅಲ್ಲಿರುವಂತೆ ಮಾಡಿದನೆ? ನನ್ನ ಮೇಷ್ಟರು ಮಾಡಲಿಲ್ಲ. ಅವರಿಗೆ ನಾನು ಎಷ್ಟು ಋಣಿಯಾದರೂ ಇದನ್ನು ಹೇಳಲೇಬೇಕು. ‘ಬ್ಯಾಡ್ರಿ’ ಎನ್ನಬಹುದೆಂದು ನಮಗೆ ಯಾರೂ ಕಲಿಸಿರಲಿಲ್ಲ. ಹೊಸ ಮೇಷ್ಟರು ಹಲಗೆ ತಿರುಗಿಸಿದಾಗ ನಾವು ಸುಮ್ಮನೆ ಎದ್ದು ನಮ್ಮ ಹಳೆಯ ಜಾಗಕ್ಕೆ ಹೋಗಿ ಕುಳಿತೆವು.

ಮಸ್ಕಿಯ ಬೆಟ್ಟದಲ್ಲಿ ಒಂದು ಬಂಡೆಗಲ್ಲಿದೆ. ೧೯೧೫ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅದನ್ನು ಕಂಡುಹಿಡಿದ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳಿ, ಆ ಶಾಸನಗಳ ಅರಸ ಯಾರೆಂಬ ಪ್ರಶ್ನೆಯನ್ನು ತೀರಿಸಿದ್ದು ಆ ಕಲ್ಲು ಎಂದು ಶಾಲೆಯ ಮಕ್ಕಳೆಲ್ಲ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೊಂದು ಅಂಕ ಉಂಟು. ಕಲ್ಲು ಹೇಳುವ ಮಾತನ್ನು ಕೇಳುವವರು ಕಡಿಮೆ. ಚಿತ್ರದುರ್ಗದ ಕಡೆಯ ಬ್ರಹ್ಮಗಿರಿಯ ಶಾಸನದಲ್ಲಿ ಶಿಷ್ಯನು ಗುರುವನ್ನು ಗೌರವಿಸಬೇಕೆಂಬ ಮಾತು ಬರುತ್ತದೆ. ಮುಂದಿನ ಸಾಲಿನವರು ಅದನ್ನು ಚೆನ್ನಾಗಿ ಕೇಳಿಸಿಕೊಂಡಿದ್ದಾರೆ. ಮಸ್ಕಿಯ ಕಲ್ಲಿನ ಮಾತು ಬೇರೆ. ಮೇಲನ್ನು ಮುಟ್ಟುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವನೂ ಪ್ರಯತ್ನಿಸಿದರೆ ಮುಟ್ಟಬಲ್ಲನು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಅಭಿಪ್ರಾಯ. ಎರಡು ಸಾವಿರದ ಇನ್ನೂರು ವರುಷಗಳಿಗೂ ಹಿಂದೆ ಕೊನೆಯ ಸಾಲನ್ನು ನೋಡಿ ಆಡಿದ ಮಾತು.

ಅರಸನಿಗೆ ಆ ಮಾತನ್ನು ಕಲ್ಲಿನ ಮೇಲೆ ಏಕೆ ಕೊರೆಯಿಸಬೇಕೆನ್ನಿಸಿತು? ತಾನು ಹೋದ ಮೇಲೂ ಅದು ಉಳಿಯಬೇಕೆಂದಲ್ಲವೆ? ಆದರೆ ಕಲ್ಲೂ ಸಾಲಲಿಲ್ಲ. ಆ ಲಿಪಿಯನ್ನು ಓದಬಲ್ಲವರೇ ಇಲ್ಲದೆ ಶತಮಾನಗಳು ಕಳೆದವು. ಬರೆದಿಟ್ಟರೆ ಮುಗಿಯಲಿಲ್ಲ, ಓದುವವರನ್ನೂ ಬಿಟ್ಟು ಹೋಗಬೇಕು.

‘ದಿವಾಸ್ವಪ್ನ’ವನ್ನು ಮೇಷ್ಟರುಗಳೆಲ್ಲ ಓದಬೇಕು ಎಂದು ಹೇಳುವುದು ವಾಡಿಕೆ. ನಾನೂ ಹೇಳುತ್ತೇನೆ. ಆದರೆ ಒಬ್ಬೊಬ್ಬರೇ ಓದಬಾರದು. ಒಂದು ಶಾಲೆಯ ಇಬ್ಬರು ಮೇಷ್ಟರು ಒಟ್ಟಿಗೆ ಕುಳಿತು ಓದಲಿ. ಓದುವಾಗ ಊರಿನ ಒಬ್ಬ ತಾಯಿಯನ್ನೂ ಕರೆದು ಕೂರಿಸಿಕೊಳ್ಳಲಿ. ಇಬ್ಬರಲ್ಲಿ ಒಬ್ಬರಿಗೆ ಮುಂದಿನ ವರುಷ ವರ್ಗವಾಗುವುದು ಹೇಗೂ ಇದ್ದದ್ದೇ.